ಪಗಾರದ ಲೆಕ್ಕ ಯಾರ ಕೈಗೆ?

ಮುಂಬೈನ ಆಂಟಾಪ್ ಹಿಲ್‌ನಲ್ಲಿ ತಿಂಗಳ ಕೊನೆ ಎರಡು ಬಗೆ. ಸಿಜಿಎಸ್ ಕಾಲೊನಿಯ ಕೇಂದ್ರ ಸರ್ಕಾರಿ ನೌಕರರ ಸಂಬಳ ತಾನಾಗಿ ಖಾತೆಗೆ ಬೀಳುತ್ತದೆ; ಕಡಿತದ ತಲೆನೋವು ಇಲಾಖೆಯದು. ಸುತ್ತಮುತ್ತಲ ಹೋಟೆಲು, ಗಾಳಾ ಎನ್ನುವ ಸಣ್ಣ ಕಾರ್ಖಾನೆಗಳಲ್ಲಿ ಮಾತ್ರ ಮಾಲೀಕರೇ ಹಾಜರಿ ಪುಸ್ತಕ ಹಿಡಿದು ಕೂರಬೇಕು. ಸಪ್ಲಾಯರ್ ಎಷ್ಟು ದಿನ ಊರಿಗೆ ಹೋಗಿದ್ದ, ಅಡುಗೆ ಭಟ್ಟರ ಮುಂಗಡದಲ್ಲಿ ಎಷ್ಟು ಉಳಿದಿದೆ ಎಂಬುದು ಅವರಿಗಷ್ಟೇ ಗೊತ್ತು.

ಇಲ್ಲಿಗೆ ಹತ್ತಿರದ ಮಾಟುಂಗದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ, ಪಿಎಫ್ ಕಾಯ್ದೆ 1952ರಲ್ಲಿ. ಆ ತಲೆಮಾರಿನ ಹೋಟೆಲಿಗೆ ಗಲ್ಲಾದ ಪಕ್ಕದ ಒಂದು ಖಾತೆ ಪುಸ್ತಕ ಸಾಕಿತ್ತು. ಈಗ ಸಾಲದು.

ತಲೆ ಎಣಿಕೆಯಿಂದಲೇ ತೀರ್ಮಾನ ಶುರುವಾಗಬೇಕು. ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ತಿಂಗಳಿಗೆ 18,000 ರೂಪಾಯಿ ಪಡೆಯುವವನ ಇಎಸ್‌ಐಗೆ ಅವನ ಪಾಲು 135 ರೂಪಾಯಿ, ಮಾಲೀಕರದು 585. ಪಿಎಫ್‌ಗೆ 15,000ದ ಮಿತಿಯಲ್ಲಿ ಹಿಡಿದರೂ ಇಬ್ಬರಿಂದಲೂ 1,800. ವಿಮೆ, ಆಡಳಿತ ಶುಲ್ಕ ಬೇರೆ. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಒಮ್ಮೆ ಕಾಯ್ದೆಯೊಳಗೆ ಬಂದ ಮೇಲೆ ನಾಲ್ಕು ಜನ ಕೆಲಸ ಬಿಟ್ಟು ಹೋದರೂ ಬಿಡುಗಡೆ ಇಲ್ಲ.

ಇದರ ಮೇಲೆ ರಾಜ್ಯದ ವೃತ್ತಿ ತೆರಿಗೆ. ಅದೇ 18,000 ಸಂಬಳಕ್ಕೆ ಉಡುಪಿಯಲ್ಲಿ ತೆರಿಗೆಯೇ ಇಲ್ಲ. ಕರ್ನಾಟಕದ ಮಿತಿ 25,000. ಆಂಟಾಪ್ ಹಿಲ್‌ನಲ್ಲಿ ಗಂಡಸಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಹೆಂಗಸರಿಗೆ 25,000ದವರೆಗೆ ವಿನಾಯಿತಿ. ಊರಿನ ಪರಿಚಯದ ಲೆಕ್ಕಿಗನಿಗೆ ಫೋನಿನಲ್ಲೇ ಕೆಲಸ ಒಪ್ಪಿಸುವವರು ಎಡವುವುದು ಇಂಥಲ್ಲೇ.

ಹಾಗಾದರೆ ಲೆಕ್ಕ ನೋಡುವವರು ಯಾರು? ಹತ್ತಕ್ಕಿಂತ ಕಡಿಮೆ ಜನರಿದ್ದರೆ ಮಾಲೀಕರು ಅಥವಾ ಲೆಕ್ಕ ಬರೆಯುವ ಮೆಹ್ತಾಜಿ ಸಾಕು. ಹೊರಗಿನವರಿಗೆ ತಿಂಗಳ ಶುಲ್ಕ ಕೊಡುವುದು ದಂಡ. ಹತ್ತು ಮುಟ್ಟಿದ ಮೇಲೆ ಪಿಎಫ್-ಇಎಸ್‌ಐ ಕನ್ಸಲ್ಟೆಂಟ್ ಬೇಕಾಗುತ್ತಾರೆ. ಬೆಂಗಳೂರಿನ ಗ್ರೇಟ್‌ಎಚ್‌ಆರ್, ರೇಜರ್‌ಪೇಎಕ್ಸ್‌ನಂಥ ತಂತ್ರಾಂಶಗಳೂ ಇವೆ. ಲೆಕ್ಕದಲ್ಲಿ ಅವು ಚುರುಕು. ಆದರೆ ಹಾಜರಿ ತಪ್ಪಾಗಿ ತುಂಬಿದರೆ ತಪ್ಪು ಚೀಟಿಯನ್ನೇ ಅಷ್ಟೇ ಚುರುಕಾಗಿ ಕೊಡುತ್ತವೆ.

ಸಂಬಳದ ಹಣವೂ ಈ ಹೊರಗಿನವರ ಮೂಲಕವೇ ಹೋಗಬೇಕೆ ಎಂಬುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ 2019ರ ಸೆಪ್ಟೆಂಬರಿನಲ್ಲಿ ಸಂಬಳ ಹಂಚುವ ಮೈಪೇರೋಲ್‌ಎಚ್‌ಆರ್ ಕಂಪನಿ ಏಕಾಏಕಿ ಬಾಗಿಲು ಹಾಕಿದಾಗ ಸುಮಾರು 4,000 ಸಣ್ಣ ಉದ್ಯಮಗಳು ಬೀದಿಗೆ ಬಿದ್ದವು. ಮಾಲೀಕರು ಕಳಿಸಿದ್ದ ಸಂಬಳದ ಹಣ ದಾರಿಯಲ್ಲೇ ಮಾಯವಾಗಿತ್ತು. ಎಷ್ಟೋ ನೌಕರರ ಖಾತೆಗೆ ಜಮಾ ಆಗಿದ್ದ ಸಂಬಳವೂ ವಾಪಸ್ ಕಡಿತವಾಯಿತು. ಅದರ ಮುಖ್ಯಸ್ಥನಿಗೆ 12 ವರ್ಷ ಜೈಲಾಯಿತು.

ನಮ್ಮಲ್ಲಿ ಕಾನೂನು ಹಿಡಿಯುವುದು ಕನ್ಸಲ್ಟೆಂಟರನ್ನಲ್ಲ, ಮಾಲೀಕರನ್ನು. ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ 2022ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದು: ನೌಕರರ ಸಂಬಳದಿಂದ ಮುರಿದ ಪಿಎಫ್, ಇಎಸ್‌ಐ ಪಾಲನ್ನು ಗಡುವು ದಾಟಿ ಕಟ್ಟಿದರೆ, ಆದಾಯ ತೆರಿಗೆಯಲ್ಲಿ ಅದಕ್ಕೆ ಕಡಿತ ಸಿಗದು. ಆ ತೀರ್ಪಿನಿಂದ ಕನ್ಸಲ್ಟೆಂಟರ ಒಂದು ದಿನದ ಮರೆವಿಗೂ ತೆರಿಗೆ ಕಟ್ಟಬೇಕಾಗಿ ಬಂದದ್ದು ಮಾಲೀಕರಿಗೆ. ತಡವಾದದ್ದಕ್ಕೆ ಪಿಎಫ್ ಕಚೇರಿಯ ವರ್ಷಕ್ಕೆ ಶೇ 12ರ ಬಡ್ಡಿ ಪ್ರತ್ಯೇಕ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹಗ್ಗವನ್ನು ಇನ್ನಷ್ಟು ಬಿಗಿದಿವೆ. ಕೆಲಸ ಬಿಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಹಬ್ಬಕ್ಕೆ ಊರಿಗೆ ಹೊರಟ ಸಪ್ಲಾಯರ್ ‘ಇನ್ನು ಬರೋದಿಲ್ಲ ಧಣಿ’ ಎಂದರೆ, ತಿಂಗಳಿಗೊಮ್ಮೆ ಬರುವ ಕನ್ಸಲ್ಟೆಂಟರಿಗೆ ಕಾಯುವಂತಿಲ್ಲ.

ಆದ್ದರಿಂದ ಕೆಲಸವನ್ನು ಮೂರಾಗಿ ಹಂಚುವುದು ಮೇಲು. ಹಾಜರಿ ಮತ್ತು ಮುಂಗಡದ ಲೆಕ್ಕ ಒಳಗೇ ಇರಲಿ. ಕಡಿತದ ಲೆಕ್ಕಾಚಾರ, ರಿಟರ್ನ್ ಸಲ್ಲಿಕೆ ಹೊರಗೆ ಹೋಗಲಿ. ಸಂಬಳ ಮಾತ್ರ ಮಾಲೀಕರ ಬ್ಯಾಂಕ್ ಖಾತೆಯಿಂದ ನೇರವಾಗಿ ನೌಕರರ ಖಾತೆಗೆ ಬೀಳಲಿ. ಪಿಎಫ್-ಇಎಸ್‌ಐ ಪೋರ್ಟಲ್ಲಿನ ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್ ಸಂಖ್ಯೆ ಎರಡೂ ಮಾಲೀಕರ ಹೆಸರಿನಲ್ಲೇ ಇರಲಿ. ಕನ್ಸಲ್ಟೆಂಟ್ ‘ಕಟ್ಟಿದ್ದೇನೆ’ ಎಂದ ಮೇಲೂ 15ನೇ ತಾರೀಕಿನಂದು ಚಲನ್ ತೆರೆದು, ಅದರಲ್ಲಿರುವ ತಲೆ ಎಣಿಕೆಯನ್ನು ಹಾಜರಿ ಪುಸ್ತಕದ ಹೆಸರುಗಳೊಂದಿಗೆ ತಾಳೆ ನೋಡಲು ಹತ್ತು ನಿಮಿಷ ಸಾಕು. ಈಗ ಪಿಎಫ್ ಪಾಸ್‌ಬುಕ್ ಮೊಬೈಲಿನಲ್ಲೇ ಸಿಗುವುದರಿಂದ, ಮಾಲೀಕರು ನೋಡದಿದ್ದರೂ ಸಪ್ಲಾಯರ್ ನೋಡಿರುತ್ತಾನೆ.