ಬರಗಾಲವಿತ್ತು, ಪ್ರತಿನಿಧಿಯಿರಲಿಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಬರಗಾಲವು ಅಪರಿಚಿತ ಅತಿಥಿಯಲ್ಲ. 2023ರಲ್ಲಿ ಅದು ಪುನಃ ಬಂದಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಈ ನಾಲ್ಕೂ ಅವುಗಳಲ್ಲಿದ್ದವು. ಆಗ ರೈತನು ತನ್ನ ಮೊರೆಯನ್ನು ಯಾರಲ್ಲಿ ಹೇಳಿಕೊಳ್ಳಬೇಕಾಗಿತ್ತು? ತಾಲ್ಲೂಕು ಪಂಚಾಯಿತಿಯ ಸದಸ್ಯರಲ್ಲಿಯೆ? ಜಿಲ್ಲಾ ಪಂಚಾಯಿತಿಯ ಸದಸ್ಯರಲ್ಲಿಯೆ? ಅಂಥವರೇ ಇರಲಿಲ್ಲ! 2016ರಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿಯೇ ತೀರಿತ್ತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದ 243-ಇ ವಿಧಿಯು ಸ್ಪಷ್ಟವಾಗಿ ವಿಧಿಸಿದೆ. ಆದರೂ ಕ್ಷೇತ್ರ ವಿಂಗಡಣೆಯೆಂದು, ಮೀಸಲಾತಿಯೆಂದು, ನ್ಯಾಯಾಲಯವೆಂದು ನೆವಗಳು ಬೆಳೆದವು. ಆಳುವ ಪಕ್ಷ ಬದಲಾಯಿತು, ನೆವಗಳು ಬದಲಾಗಲಿಲ್ಲ. 2024ನೆಯ ಇಸವಿಯೂ ಹಾಗೆಯೇ ಕಳೆಯಿತು.

ಆಡಳಿತಾಧಿಕಾರಿಗಳು ಏನೂ ಮಾಡಲಿಲ್ಲವೆಂದು ನಾವು ಹೇಳೆವು. ಆದರೆ ತಪ್ಪಿದ ಅಧಿಕಾರಿಯನ್ನು ವರ್ಗ ಮಾಡುವವರು ಸರ್ಕಾರದವರು. ತಪ್ಪಿದ ಪ್ರತಿನಿಧಿಯನ್ನು ಮನೆಗೆ ಕಳುಹಿಸುವವರು ಪ್ರಜೆಗಳು. ಈ ಎರಡನೆಯ ಅಧಿಕಾರವೇ ನಮ್ಮವರ ಕೈತಪ್ಪಿತ್ತು.

ವಿಚಿತ್ರವನ್ನು ನೋಡಿರಿ: ಬರಪರಿಹಾರಕ್ಕೆ ದೆಹಲಿಯು ತಡಮಾಡಿತೆಂದು 2024ರ ಮಾರ್ಚಿ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದುದೂ ಇದೇ ರಾಜ್ಯ ಸರ್ಕಾರ. ಕೇಳಿದುದು 18,171 ಕೋಟಿ ರೂಪಾಯಿ; ಏಪ್ರಿಲಿನಲ್ಲಿ ದೊರೆತುದು ಸುಮಾರು 3,400 ಕೋಟಿ. ಆ ಹೋರಾಟ ನ್ಯಾಯವಾದುದೇ. ಆದರೆ ತಮ್ಮ ಹಕ್ಕಿಗಾಗಿ ದೆಹಲಿಯೊಡನೆ ಕಾದಾಡಿದವರು ಪಾವಗಡದವರ ಹಕ್ಕನ್ನು ಬೆಂಗಳೂರಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟುದೇಕೆ?