ಕನ್ನಡದ ಕೀಲಿಮಣೆಯೂ ದೃಷ್ಟಿಹೀನ ವಿದ್ಯಾರ್ಥಿಯೂ

ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯಲು ಯಾವ ಕೀಲಿಮಣೆ ತಕ್ಕದ್ದು ಎಂಬ ಚರ್ಚೆ ನಮ್ಮಲ್ಲಿ ಬಹುದಿನಗಳಿಂದ ನಡೆದು ಬಂದಿದೆ. ನುಡಿಯ ಪಕ್ಷದವರು ಕೆಲವರು. ಇನ್‌ಸ್ಕ್ರಿಪ್ಟಿನ ಪಕ್ಷದವರು ಕೆಲವರು. ಇವೆರಡರ ಗೊಡವೆಯೂ ಬೇಡವೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕನ್ನಡವನ್ನು ಬರಿಸಿಕೊಳ್ಳುವವರು ಇನ್ನು ಕೆಲವರು. ಈ ವಾದದಲ್ಲಿ ತೊಡಗಿದವರು ಬಹುಮಟ್ಟಿಗೆ ಕಣ್ಣುಳ್ಳವರೇ. ಕೀಲಿಯ ಮೇಲೆ ಅಚ್ಚಾದ ಅಕ್ಷರವನ್ನು ಕಾಣಲಾರದವರಿಗೆ ಯಾವುದು ಅನುಕೂಲವೆಂದು ವಿಚಾರಿಸಿದವರು ವಿರಳ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳು ಶಾಲೆಗಳ ಮಟ್ಟಿಗೆ ಒಂದೇ ಶೈಕ್ಷಣಿಕ ಜಿಲ್ಲೆಯಾಗಿವೆ. ಈ ಶಾಲೆಗಳಿಂದ ಬಂದವರೇ ನಮ್ಮ ಕಾಲೇಜುಗಳ ಬೆಂಚುಗಳಲ್ಲಿ ಕುಳಿತಿದ್ದೇವೆ. ನಮ್ಮ ನಡುವೆ ದೃಷ್ಟಿಹೀನರೂ ಇದ್ದಾರೆ, ಇನ್ನು ಮುಂದೆಯೂ ಬರುತ್ತಾರೆ. ಆದಕಾರಣ ಈ ಪ್ರಶ್ನೆಯನ್ನು ನಾವೇ ಕೈಗೆತ್ತಿಕೊಳ್ಳುವುದು ಯುಕ್ತವೆಂದು ನನ್ನ ಅಭಿಪ್ರಾಯ.

“ಒಬ್ಬಿಬ್ಬರಿಗಾಗಿ ಇಷ್ಟೆಲ್ಲ ಏಕೆ?” ಎಂದು ಕೇಳುವವರುಂಟು. ಅಂಥವರಿಗೆ ಬೆರಳಚ್ಚಿನ ಚರಿತ್ರೆಯನ್ನೇ ಉತ್ತರವಾಗಿ ಹೇಳಬಹುದು. ಅಕ್ಷರವನ್ನು ಒತ್ತಿ ಬರೆಯುವ ಯಂತ್ರಗಳಲ್ಲಿ ತೀರ ಹಳೆಯದೊಂದನ್ನು ಇಟಲಿಯ ಪೆಲ್ಲೆಗ್ರಿನೋ ತುರ್ರಿ ಎಂಬಾತ ನಿರ್ಮಿಸಿದ್ದು ಕಣ್ಣು ಕಾಣದ ತನ್ನ ಗೆಳತಿಗಾಗಿ, ಆಕೆ ಪರರ ಹಂಗಿಲ್ಲದೆ ಕಾಗದ ಬರೆಯಲೆಂದು. ಆ ಯಂತ್ರ ಈಗ ಉಳಿದಿಲ್ಲ. ಅದರಿಂದ ೧೮೦೮ರಲ್ಲಿಯೂ ಅನಂತರವೂ ಬರೆದ ಕೆಲವು ಕಾಗದಗಳು ಉಳಿದಿವೆ. ಅಮೆರಿಕದ ಷೋಲ್ಸ್ ಮಹಾಶಯನ ಯಂತ್ರವನ್ನು ರೆಮಿಂಗ್ಟನ್ ಕಂಪನಿಯವರು ಮಾರಾಟಕ್ಕೆ ತಂದದ್ದು ೧೮೭೪ರಲ್ಲಿ. ಎಂದರೆ ಬೆರಳಚ್ಚು ಯಂತ್ರವು ಕಚೇರಿಯ ಗುಮಾಸ್ತನ ಮೇಜಿಗೆ ಬರುವುದಕ್ಕೆ ಎಷ್ಟೋ ಮೊದಲೇ ಕಣ್ಣಿಲ್ಲದವಳೊಬ್ಬಳ ಕೈಯಲ್ಲಿತ್ತು.

ಅಷ್ಟೇ ಅಲ್ಲ. ಕಣ್ಣುಳ್ಳವರಿಗೆ ಬೆರಳಚ್ಚು ಕಲಿಸುವ ಗುರುಗಳು ಮೊದಲು ಹೇಳುವ ಮಾತೇನು? “ಕೀಲಿಯನ್ನು ನೋಡಬೇಡ” ಎಂಬುದೇ. ನೋಡದೆ ಒತ್ತಬಲ್ಲವನೇ ನಿಜವಾದ ಬೆರಳಚ್ಚುಗಾರ. ಅದಕ್ಕೆಂದೇ ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಉಬ್ಬುಗೆರೆ, ಅಂಕಿಗಳ ಗುಂಪಿನಲ್ಲಿ ಐದರ ಮೇಲೆ ಒಂದು ಚುಕ್ಕಿ. ಎರಡು ತೋರುಬೆರಳುಗಳು ಆ ಗೆರೆಗಳ ಮೇಲೆ ನಿಂತವೆಂದರೆ ಉಳಿದ ಕೀಲಿಗಳೆಲ್ಲ ತಮ್ಮ ತಮ್ಮ ದೂರದಲ್ಲಿ ಸಿಕ್ಕುತ್ತವೆ. ದೃಷ್ಟಿಹೀನನಿಗೆ ಬೇಕಾದುದೂ ಇದೇ ವಿದ್ಯೆ. ಅವನಿಗೆ ಹೆಚ್ಚಾಗಿ ಬೇಕಾದುದು ಎರಡೇ: ಒತ್ತಿದ್ದು ಏನೆಂದು ಯಂತ್ರ ಬಾಯಿಬಿಟ್ಟು ಹೇಳಬೇಕು; ಇಂದು ಇದ್ದ ಅಕ್ಷರ ನಾಳೆಯೂ ಅಲ್ಲಿಯೇ ಇರಬೇಕು.

ಮೊದಲನೆಯದಕ್ಕೆ ಈಗ ಹಣದ ಅಡ್ಡಿಯಿಲ್ಲ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣನು ೨೦೦೬ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ; ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದರೊಡನೆ ಬರುವ ಇ-ಸ್ಪೀಕ್ ಧ್ವನಿಯು ಕನ್ನಡವನ್ನೂ ಓದುತ್ತದೆ. ಧ್ವನಿ ಒರಟಾದದ್ದು, ಹೌದು. ಕಿವಿಗೆ ಇಂಪಾಗಿದೆಯೆಂದು ಯಾರೂ ಹೇಳಲಾರರು. ಆದರೆ ಕೆಲವು ದಿನ ಕೇಳಿದವರಿಗೆ ಅದು ಒಗ್ಗುತ್ತದೆ. ಇನ್ಸರ್ಟ್ ಕೀಲಿಯನ್ನು ಹಿಡಿದು ಒಂದರ ಅಂಕಿಯನ್ನು ಒತ್ತಿದರೆ, ಆಮೇಲೆ ಯಾವ ಕೀಲಿ ಮುಟ್ಟಿದರೂ ಅದರ ಹೆಸರನ್ನು ಹೇಳುತ್ತದೆಯೇ ಹೊರತು ಬೇರೇನೂ ಮಾಡುವುದಿಲ್ಲ. ಹೊಸಬನು ಗಂಟೆಗಟ್ಟಲೆ ನಿರ್ಭಯನಾಗಿ ಕೀಲಿಗಳನ್ನು ತಡವಿ ಕಲಿಯಬಹುದು.

ಎರಡನೆಯದು, ಎಂದರೆ ಅಕ್ಷರಗಳ ಸ್ಥಾನ, ಸ್ವಲ್ಪ ವಿಚಾರ ಮಾಡತಕ್ಕ ವಿಷಯ. ಅನಂತಸುಬ್ಬರಾಯರು ಕನ್ನಡಕ್ಕೆ ಬೆರಳಚ್ಚು ಯಂತ್ರವನ್ನು ರೂಪಿಸಿದಾಗ ಅವರ ಮುಂದಿದ್ದುದು ಅಕ್ಷರದ ಆಕಾರ. ಒತ್ತುಗಳಿಗೂ ಕೊಂಬುಗಳಿಗೂ ಬೇರೆಬೇರೆ ಕೀಲಿಗಳನ್ನು ಹೊಂದಿಸಬೇಕಾಗಿತ್ತು. ಗಣಕಯಂತ್ರ ಬಂದ ಮೇಲೆ ಕಿನ್ನಿಕಂಬಳದ ಪದ್ಮನಾಭ ರಾವ್, ನಾವೆಲ್ಲ ಕೆ. ಪಿ. ರಾವ್ ಎಂದು ಬಲ್ಲವರು, ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ‘ಕೆ’ ಒತ್ತಿದರೆ ಕ, ಶಿಫ್ಟಿನೊಡನೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಒತ್ತು ಸಾಕು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿರುವುದು ಈ ವಿನ್ಯಾಸವೇ. ಕರ್ನಾಟಕ ಸರ್ಕಾರವು ಒಪ್ಪಿಕೊಂಡದ್ದೂ ಇದನ್ನೇ. ಇನ್‌ಸ್ಕ್ರಿಪ್ಟ್ ಎಂಬುದು ೧೯೮೦ರ ದಶಕದಲ್ಲಿ ಭಾರತದ ಲಿಪಿಗಳಿಗೆಲ್ಲ ಒಟ್ಟಾಗಿ ಮಾಡಿದ ಏರ್ಪಾಡು. ಅದರಲ್ಲಿ ಸ್ವರಗಳು ಹೆಚ್ಚಾಗಿ ಎಡಗೈಗೆ, ವ್ಯಂಜನಗಳು ಬಲಗೈಗೆ. ಕನ್ನಡದ ಕ ಇರುವ ಕೀಲಿಯಲ್ಲಿಯೇ ತೆಲುಗಿನ ಕ, ಹಿಂದಿಯ ಕ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವೆಂದು ಬೆಳೆದ ಪಾವಗಡದ ಹುಡುಗನಿಗೆ ಇದು ಸಣ್ಣ ಲಾಭವೇನಲ್ಲ. ‘ಕನ್ನಡ’ಕ್ಕೆ ಅಲ್ಲಿಯೂ ಐದೇ ಒತ್ತು. ಆದ್ದರಿಂದ ವೇಗದ ಮಾತನ್ನೆತ್ತಿ ಜಗಳವಾಡುವುದು ವ್ಯರ್ಥ.

ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ನುಡಿಯ ವಿನ್ಯಾಸವನ್ನೇ ಆರಿಸುತ್ತೇನೆ. ದೃಷ್ಟಿಹೀನ ವಿದ್ಯಾರ್ಥಿಯು ಯಂತ್ರವನ್ನು ನಡೆಸಲು ಇಂಗ್ಲಿಷ್ ಕೀಲಿಗಳ ಸ್ಥಾನವನ್ನು ಹೇಗೂ ಕಲಿತಿರುತ್ತಾನೆ. ಕೆ ಎಂದರೆ ಕ ಎಂದುಕೊಳ್ಳಲು ಅವನಿಗೆ ಹೊಸದಾಗಿ ಗಟ್ಟಿಮಾಡುವ ಹೊರೆ ಕಡಿಮೆ. ಅಲ್ಲದೆ ಕನ್ನಡದಲ್ಲಿ ಪದೇ ಪದೇ ಬೇಕಾಗುವ ಒತ್ತಿನ ಕೀಲಿಯು ಉಬ್ಬುಗೆರೆಯುಳ್ಳ ಎಫ್‌ನ ಮೇಲೆಯೇ ಇದೆ. ಇದು ಉದ್ದೇಶಪಟ್ಟು ಮಾಡಿದ್ದೋ ಆಕಸ್ಮಿಕವೋ, ಬೆರಳಿಗಂತೂ ಬಹಳ ಉಪಕಾರ.

ಇಂಗ್ಲಿಷಿನಲ್ಲಿ ಕುಟ್ಟಿ ಕನ್ನಡ ಬರಿಸುವ ಮೂರನೆಯ ದಾರಿ ನಮ್ಮ ಮೊಬೈಲುಗಳಲ್ಲಿ ರೂಢಿಯಾಗಿದೆ. ಅದರ ಗುಟ್ಟೇನೆಂದರೆ ಯಂತ್ರವು ನಾಲ್ಕಾರು ಪದಗಳನ್ನು ಮುಂದಿಟ್ಟು “ಇದೋ, ಅದೋ?” ಎಂದು ಕೇಳುತ್ತದೆ, ನಾವು ನೋಡಿ ಆರಿಸುತ್ತೇವೆ. ಕಣ್ಣಿಲ್ಲದವನು ಪ್ರತಿಯೊಂದು ಪದಕ್ಕೂ ಆ ಪಟ್ಟಿಯನ್ನು ಕಿವಿಯಿಂದ ಕೇಳುತ್ತ ಕುಳಿತರೆ ಒಂದು ಪುಟ ಮುಗಿಯುವಷ್ಟರಲ್ಲಿ ಸಂಜೆಯಾದೀತು.

ಕಳೆದ ವರ್ಷ ಪಾವಗಡದ ಕಡೆಯ ದೃಷ್ಟಿಹೀನ ಗೆಳೆಯರೊಬ್ಬರು ಲ್ಯಾಬಿಗೆ ಬಂದಿದ್ದರು. ನಮಗಿಂತ ಹಿರಿಯರು. ಯಂತ್ರದ ಮುಂದೆ ಕುಳಿತು ಕೈಯಾಡಿಸಿದವರೇ ನಕ್ಕು, “ಗೆರೆ ಸವೆದೇ ಹೋಗಿದೆಯಲ್ಲಪ್ಪಾ, ನಾನೀಗ ಯಾವ ಊರಲ್ಲಿದ್ದೀನಿ?” ಎಂದರು. “ಏನು ಮಾಡೋಣ ಅಣ್ಣಾ?” ಎಂದರೆ, “ಅಂಗಡಿಗೆ ಹೋಗಿ ಒಂದು ಹಾಳೆ ಬೊಟ್ಟು ತಗೊಂಡು ಬಾ” ಎಂದರು. ಹೆಣ್ಣುಮಕ್ಕಳು ಹಣೆಗಿಡುವ ಸ್ಟಿಕರ್ ಬೊಟ್ಟು! ಎಫ್, ಜೆ, ಐದು, ಇವುಗಳ ಮೇಲೆ ಒಂದೊಂದು ಅಂಟಿಸಿದ ಮೇಲೆ ಅವರ ಬೆರಳು ತಡೆಯಲಿಲ್ಲ. ಬೊಟ್ಟು ಕಿತ್ತುಹೋಗುವುದೆಂಬ ಭಯವಿದ್ದರೆ ಉಗುರುಬಣ್ಣದ ಒಂದು ಹನಿ ಹಾಕಿ ಗಟ್ಟಿಯಾಗಲು ಬಿಡಬಹುದೆಂದೂ ಅವರೇ ಹೇಳಿಕೊಟ್ಟರು. ಕೀಲಿಗಳಿಗೆಲ್ಲ ಗುರುತು ಮಾಡಬಾರದು, ಮಾಡಿದರೆ ಯಾವುದೂ ಗುರುತಾಗುವುದಿಲ್ಲ ಎಂಬುದು ಅವರ ಎಚ್ಚರಿಕೆ.

ಬ್ರೈಲ್ ಬಲ್ಲವರಿಗೆ ಇನ್ನೂ ಒಂದು ವಿನ್ಯಾಸವುಂಟು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ೧೯೫೧ರಲ್ಲಿ ಒಪ್ಪಿತವಾಯಿತು. ಆರು ಚುಕ್ಕಿಗಳಲ್ಲಿ ಒಂದನೆಯದೂ ಮೂರನೆಯದೂ ಸೇರಿದರೆ ಕ. ಇಂಗ್ಲಿಷಿನ ಕೆ ಕೂಡ ಅದೇ. ಸೂಕ್ತ ತಂತ್ರಾಂಶವಿದ್ದರೆ ಸಾಮಾನ್ಯ ಕೀಲಿಮಣೆಯ ಎಫ್, ಡಿ, ಎಸ್ ಎಂಬವು ಒಂದು, ಎರಡು, ಮೂರನೆಯ ಚುಕ್ಕಿಗಳಾಗಿಯೂ ಜೆ, ಕೆ, ಎಲ್ ಎಂಬವು ನಾಲ್ಕು, ಐದು, ಆರನೆಯವಾಗಿಯೂ ಕೆಲಸಮಾಡುತ್ತವೆ. ಎಫ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಕ ಮೂಡುತ್ತದೆ; ಬೆರಳುಗಳು ಸಾಲುಬಿಟ್ಟು ಕದಲಬೇಕಾದುದೇ ಇಲ್ಲ. ೨೦೨೦ರಲ್ಲಿ ಗೂಗಲ್ ಕಂಪನಿಯವರು ಇಂಥದೇ ಆರು ಚುಕ್ಕಿಗಳ ಕೀಲಿಮಣೆಯನ್ನು ಆಂಡ್ರಾಯ್ಡ್ ಮೊಬೈಲಿನ ಗಾಜಿನ ಮೇಲೆಯೇ ತಂದರು. ಆದರೆ ಇದೊಂದನ್ನೇ ನೆಚ್ಚುವಂತಿಲ್ಲ. ಹುಟ್ಟುಕುರುಡರಲ್ಲದೆ ನಡುವಯಸ್ಸಿನಲ್ಲಿ, ಓದುವ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಬ್ರೈಲ್ ಕಲಿಯುವ ಅವಕಾಶ ಸಿಕ್ಕಿರುವುದಿಲ್ಲ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದವರ ಕಣ್ಣಿನ ಆಸ್ಪತ್ರೆಯಿರುವುದು ಈ ಸೀಮೆಯ ಭಾಗ್ಯ. ಪೊರೆ ಬಂದ ಕಣ್ಣಿಗೆ ಬೆಳಕು ಮರಳಬಹುದು. ಶಸ್ತ್ರಚಿಕಿತ್ಸೆಗೂ ನಿಲುಕದ ಕಣ್ಣಿನವರ ಮಾತನ್ನೇ ನಾನು ಆಡುತ್ತಿರುವುದು.

ಇಲ್ಲಿ ನಮ್ಮ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ಬಿನ್ನಹವುಂಟು. ಯೂನಿಕೋಡಿಗೆ ಮೊದಲಿನ ಹಳೆಯ ಫಾಂಟುಗಳಲ್ಲಿ ಬರೆದ ಟಿಪ್ಪಣಿಯು ಕಣ್ಣಿಗೆ ಮಾತ್ರ ಕನ್ನಡ. ಯಂತ್ರದೊಳಗೆ ನಮ್ಮ ಕ ಎಂಬುದು ರೋಮನ್ ‘ಪಿ’ ಆಗಿ, ಅದರ ತಲೆಕಟ್ಟು ಇನ್ನಾವುದೋ ಗುರುತಾಗಿ ಅಡಗಿರುತ್ತದೆ. ಓದುವ ತಂತ್ರಾಂಶವು ಅದನ್ನು ಇದ್ದಂತೆಯೇ ಓದಿದರೆ ಕೇಳುವವನಿಗೆ ಮಂತ್ರವೋ ಬೈಗುಳವೋ ತಿಳಿಯದು. ಈಗಿನ ನುಡಿಯಲ್ಲಿ ಯೂನಿಕೋಡಿನಲ್ಲಿಯೇ ಬರೆಯುವ ಸೌಲಭ್ಯವಿದೆ. ಅದನ್ನು ಆರಿಸಿಕೊಂಡರೆ ಸಾಕು. ಹಾಗೆಯೇ ನೋಟುಪುಸ್ತಕದ ಹಾಳೆಗೆ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಹಂಚುವ ಪದ್ಧತಿ. ನಮಗೆ ಅದು ಟಿಪ್ಪಣಿ. ದೃಷ್ಟಿಹೀನ ಸಹಪಾಠಿಯ ಫೋನಿಗೆ ಅದು ಬರಿಯ ಚಿತ್ರ. ಪರೀಕ್ಷೆಯ ಹಿಂದಿನ ದಿನ ಬೇರೊಬ್ಬರನ್ನು ಕಾಡಿ ಬೇಡಿ ಓದಿಸಿಕೊಳ್ಳುವ ಕಷ್ಟ ಅವನಿಗೇ ಗೊತ್ತು.

ಇನ್ನು ಪರೀಕ್ಷೆಯ ಮಾತು. ಸದ್ಯದ ರೂಢಿಯಂತೆ ದೃಷ್ಟಿಹೀನನು ಹೇಳುತ್ತಾನೆ, ಲಿಪಿಕಾರನು ಬರೆಯುತ್ತಾನೆ. ಕೇಂದ್ರ ಸರ್ಕಾರವು ೨೦೧೮ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಮೇರೆಗೆ, ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಒಂದು ಮೆಟ್ಟಲು ಕಡಿಮೆಯಿರಬೇಕಾಗಿತ್ತು. ನಿಯಮವೇನೋ ನ್ಯಾಯವಾದದ್ದೇ. ಆದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಹಳಗನ್ನಡ ಕಾವ್ಯದ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗ ಬರೆಯುವವನು ವಿಜ್ಞಾನದ ಪಿ.ಯು.ಸಿ. ಹುಡುಗನಾಗಿದ್ದರೆ ಗತಿಯೇನು? ‘ಭಾಷೆ’ ಹೋಗಿ ‘ಬಾಷೆ’ ಆಗುತ್ತದೆ, ಳಕಾರ ಲಕಾರವಾಗುತ್ತದೆ. ಅಂಕ ಕಳೆಯುವುದು ಹೇಳಿದವನದು. ಮೂರು ವರ್ಷ ಓದಿದವನಿಗೆ ತನ್ನ ಕಾಗುಣಿತದ ಮೇಲೆಯೇ ಅಧಿಕಾರವಿಲ್ಲದೆ ಹೋಗುತ್ತದೆ. ಅದೇ ಮಾರ್ಗಸೂಚಿಯು ಉತ್ತರವನ್ನು ಗಣಕಯಂತ್ರದಲ್ಲಿ ಬರೆಯುವ ಆಯ್ಕೆಯನ್ನೂ ಕೊಟ್ಟಿತ್ತು. ಹಿಂದಿನ ದಿನವೇ ಬಂದು ಯಂತ್ರವನ್ನು ಪರೀಕ್ಷಿಸಿ ನೋಡಬಹುದೆಂದೂ, ಗಂಟೆಗೆ ಕನಿಷ್ಠ ೨೦ ನಿಮಿಷ ಹೆಚ್ಚಿನ ಕಾಲ ಕೊಡಬೇಕೆಂದೂ ಹೇಳಿತ್ತು. ಆಯ್ಕೆಯಿದ್ದರೂ ಕನ್ನಡದಲ್ಲಿ ಬೆರಳಚ್ಚು ಮಾಡಲು ಕಲಿಯದವನಿಗೆ ಅದರಿಂದೇನು ಫಲ? ಕಲಿಸುವ ಕೆಲಸ ಪರೀಕ್ಷೆಯ ತಿಂಗಳಲ್ಲಿ ಆಗತಕ್ಕದ್ದಲ್ಲ, ಮೊದಲ ವರ್ಷದ ಮೊದಲ ತಿಂಗಳಲ್ಲಿಯೇ ಆಗಬೇಕು.

ಮಧುಗಿರಿಯಲ್ಲಿ ಒಂದು ವಿನ್ಯಾಸ, ಶಿರಾದಲ್ಲಿ ಮತ್ತೊಂದು, ಕೊರಟಗೆರೆಯಲ್ಲಿ ಇನ್ನೊಂದು ಎಂದಾದರೆ ಪರೀಕ್ಷಾ ಕೇಂದ್ರ ಬದಲಾದ ದಿನ ಕಲಿತದ್ದೆಲ್ಲ ನೀರುಪಾಲು. ನಾಲ್ಕು ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳ ಪ್ರಾಂಶುಪಾಲರು ಒಮ್ಮೆ ಕೂಡಿ ಒಂದೇ ವಿನ್ಯಾಸವನ್ನು ಗೊತ್ತುಮಾಡಿ, ಪರೀಕ್ಷೆಯ ವಿಷಯವಾಗಿ ತುಮಕೂರು ವಿಶ್ವವಿದ್ಯಾನಿಲಯಕ್ಕೆ ಒಟ್ಟಾಗಿ ಬರೆದರೆ ಚೆನ್ನ. ಅದಕ್ಕೆ ಕಾಲ ಹಿಡಿಯಬಹುದು. ಅಷ್ಟರೊಳಗೆ ಪ್ರತಿ ಲ್ಯಾಬಿನಲ್ಲಿಯೂ ಬಾಗಿಲಿಗೆ ಹತ್ತಿರದ ಒಂದು ಯಂತ್ರದಲ್ಲಿ ಎನ್‌ವಿಡಿಎ, ಯೂನಿಕೋಡ್ ನುಡಿ, ಒಂದು ಹೆಡ್‌ಫೋನು, ಮೂರು ಕೀಲಿಗಳ ಮೇಲೆ ಮೂರು ಬೊಟ್ಟು ಇವಿಷ್ಟನ್ನು ಒದಗಿಸಬಹುದು. ಹೆಡ್‌ಫೋನಿನ ಹೊರತು ಖರ್ಚೆಂಬುದೇ ಇಲ್ಲ. ಅದನ್ನು ನಮ್ಮ ವಿದ್ಯಾರ್ಥಿ ಸಂಘದ ಹಣದಿಂದಲೇ ಕೊಳ್ಳಬಹುದು. ಆ ಯಂತ್ರವನ್ನು ಜಾಗ ಬದಲಿಸದಂತೆ, ಬೊಟ್ಟುಗಳನ್ನು ಕೀಳದಂತೆ ನೋಡಿಕೊಳ್ಳುವ ಹೊಣೆ ಅಲ್ಲಿ ಕುಳಿತುಕೊಳ್ಳುವ ನಮ್ಮೆಲ್ಲರದು.