ದೋಆಬಿನ ಗಡಿ: ಅಂದು ದಂಡು, ಇಂದು ನೀರು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ರೈತರು ಕಳವಳಗೊಂಡರು. ತೆಲುಗು ನಾಡಿನ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಸ್ಟಾಪ್‌ಲಾಗ್ ಅಳವಡಿಸಿ ಉಳಿದ ನೀರನ್ನು ಕಾಪಾಡಲಾಯಿತು. ಈ ಸುದ್ದಿಯನ್ನು ಓದಿದಾಗ, ಇದೇ ನೀರಿನ ನಾಡಿಗಾಗಿ ನಡೆದ ಹಳೆಯ ದಂಡಯಾತ್ರೆಗಳು ನಮಗೆ ನೆನಪಾದವು.

ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬ್ ಫಲವತ್ತಾದ ನೆಲ. ರಾಯಚೂರು, ಮುದಗಲ್ಲುಗಳಂಥ ಕೋಟೆಗಳ ಸೀಮೆ. ಹದಿನಾಲ್ಕನೆಯ ಶತಮಾನದಿಂದಲೇ ವಿಜಯನಗರ ಮತ್ತು ಬಹಮನಿ ಅರಸರು ಇದಕ್ಕಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದನು. ಫಿರಂಗಿಗಳ ಬಲ ಹೆಚ್ಚಾಗಿದ್ದದ್ದು ಸೋತ ಪಕ್ಷದಲ್ಲಿ! ಹಿಮ್ಮೆಟ್ಟಿದ ಸೈನಿಕರಲ್ಲಿ ಬಹಳ ಮಂದಿ ಕೃಷ್ಣೆಯಲ್ಲಿ ಮುಳುಗಿದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ದಾಖಲಿಸಿದ್ದಾನೆ.

ಆ ಗೆಲುವು ಬಹಳ ಕಾಲ ಬಾಳಲಿಲ್ಲ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧ ನಡೆಯಿತು. ರಾಮರಾಯನ ವಿರುದ್ಧ ಒಂದುಗೂಡಿದವರಲ್ಲಿ ನಮ್ಮ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನೂ ಒಬ್ಬ. ಪಟ್ಟವೇರುವ ಮುನ್ನ ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದ, ಮುಂದೆ ತೆಲುಗು ಕವಿಗಳನ್ನು ಪೋಷಿಸಿದ ದೊರೆ ಆತ. ಗೆದ್ದವರಾದರೂ ಉಳಿದರೇ? 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ವಶವಾದವು. ವರ್ಷಗಟ್ಟಲೆ ಬ್ಯಾಂಕಿನ ಖಾತೆಪುಸ್ತಕಗಳನ್ನು ನೋಡಿದ ನಮ್ಮ ಕಣ್ಣಿಗೆ ಈ ಲೆಕ್ಕದಲ್ಲಿ ಖರ್ಚಿನ ಪುಟವೇ ದೊಡ್ಡದಾಗಿ ಕಾಣುತ್ತದೆ.

ಇಂದು ದಂಡಿನ ಬದಲು ನ್ಯಾಯಾಧಿಕರಣಗಳಿವೆ. ಆದರೆ ನೀರಿನ ಲೆಕ್ಕ ರಾಜ್ಯದ ಗಡಿಗೆ ಹೊಂದುವುದಿಲ್ಲ. ರಾಜೋಳಿಬಂಡಾ ಆಣೆಕಟ್ಟು ಇರುವುದು ರಾಯಚೂರು ಜಿಲ್ಲೆಯಲ್ಲಿ. ಅದರ ಅಚ್ಚುಕಟ್ಟಿನಲ್ಲಿ ತೆಲಂಗಾಣದ ಪಾಲು ಸುಮಾರು 87,500 ಎಕರೆ, ಕರ್ನಾಟಕದ್ದು ಆರು ಸಾವಿರ ಎಕರೆಯೊಳಗೆ. ಕಾಲುವೆಯ ಕೊನೆಯ ಆಲಂಪುರದ ಹೊಲಗಳಿಗೆ ನೀರು ತಲುಪದೆಂಬ ದೂರು ಬಹಳ ಹಳೆಯದು. ಇತ್ತ ಉತ್ತರ ಕರ್ನಾಟಕದ ಒಣಭೂಮಿಗೆ ನೀರುಣಿಸಲು ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524 ಮೀಟರಿಗೆ ಏರಿಸಲು ಕರ್ನಾಟಕ ಬಯಸಿದೆ. ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿಯೇ ಇದಕ್ಕೆ ಒಪ್ಪಿದ್ದರೂ ಕೆಳಗಿನ ರಾಜ್ಯಗಳ ಆಕ್ಷೇಪ ನಿಂತಿಲ್ಲ. ಎರಡೂ ಕಡೆ ನ್ಯಾಯವಿದೆ, ಎರಡೂ ಕಡೆ ಭಯವಿದೆ.

ಹಾಗಾದರೆ ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಯಾರ ಪಕ್ಷ? ರಾಯಚೂರು, ಮಾನ್ವಿಗಳ ಕಡೆ ನಮ್ಮ ಬಂಧುಗಳ ಹೊಲಗಳಿವೆ. ಇಲ್ಲಿ ನಮ್ಮ ನಲ್ಲಿಗಳಿಗೆ ನಾಗಾರ್ಜುನ ಸಾಗರದಿಂದ ಬರುವುದೂ ಅದೇ ಕೃಷ್ಣೆಯ ನೀರು. ದೂರದರ್ಶನದ ಚರ್ಚೆಗಳಲ್ಲಿ ಯಾರು ಎಷ್ಟೇ ಕೂಗಾಡಲಿ, ಆಲಮಟ್ಟಿಯ ಅಗತ್ಯವನ್ನು ಇಲ್ಲಿಯ ನೆರೆಹೊರೆಯವರಿಗೆ, ಆಲಂಪುರದ ಕಷ್ಟವನ್ನು ಊರಿನ ಬಂಧುಗಳಿಗೆ ತಿಳಿಸಿ ಹೇಳಬಲ್ಲವರು ಎರಡೂ ಭಾಷೆ ಬಲ್ಲ ನಾವೇ. ಈ ಹೊಣೆಯನ್ನು ನಾವಲ್ಲದೆ ಬೇರೆ ಯಾರು ಹೊತ್ತಾರು?